ಸೋಲಾರ್ ಹಾಕಿಸುವ ಮೊದಲು ಒಂದು ಟೇಪು ಹಿಡಿದುಕೊಳ್ಳಿ

ಪ್ರಶ್ನೆ: ಮೈಸೂರಿನ ಹೊರವಲಯದಲ್ಲಿ ನಮ್ಮ ಮನೆ. ಮೂರು ವರ್ಷದ ಹಿಂದೆ ಹಿತ್ತಲಲ್ಲಿ ಸಣ್ಣದೊಂದು ಈಜುಕೊಳ ಕಟ್ಟಿಸಿದೆವು. ಉದ್ದ 8 ಮೀಟರ್, ಅಗಲ 4 ಮೀಟರ್, ಸರಾಸರಿ ಆಳ 1.4 ಮೀಟರ್. ಸಿಂಗಲ್ ಫೇಸ್ 1.5 ಎಚ್‌ಪಿ ಪಂಪು, ಮರಳಿನ ಫಿಲ್ಟರ್. ಪಂಪು ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಓಡುತ್ತದೆ. ದಿನಾ ಸಂಜೆ 3 ಗಂಟೆ ಕೃತಕ ಜಲಪಾತ ಓಡಿಸುತ್ತೇವೆ, ಅದಕ್ಕೆ ಬೇರೆ 1 ಎಚ್‌ಪಿ ಮೋಟಾರು. 300 ವ್ಯಾಟಿನ ಎರಡು ಹ್ಯಾಲೊಜೆನ್ ದೀಪ 4 ಗಂಟೆ ಉರಿಯುತ್ತವೆ. ಅಮ್ಮನಿಗೆ ಮಂಡಿನೋವು. ನೀರಿನಲ್ಲಿ ನಡೆದಾಡಿದರೆ ಆರಾಮ ಅನ್ನುತ್ತಾರೆ. ಅವರಿಗಾಗಿ ಚಳಿಗಾಲದಲ್ಲಿ 9 ಕಿಲೋವ್ಯಾಟ್ ಹೀಟರನ್ನು ದಿನಕ್ಕೆ 4 ಗಂಟೆ ಹಾಕುತ್ತೇವೆ. ಬಿಲ್ಲು ಮಾಮೂಲಿ ತಿಂಗಳಲ್ಲಿ 9 ಸಾವಿರ, ಡಿಸೆಂಬರ್‌ನಲ್ಲಿ 16 ಸಾವಿರ ದಾಟುತ್ತದೆ. ಮಂಜೂರಾದ ಲೋಡ್ 15 ಕಿಲೋವ್ಯಾಟ್. ಒಬ್ಬರು 5 ಕಿಲೋವ್ಯಾಟ್ ಸೋಲಾರ್ ಹಾಕಿಸಿ ಅಂತಾರೆ. ಇನ್ನೊಬ್ಬರು ವೇರಿಯಬಲ್ ಸ್ಪೀಡ್ ಪಂಪು, ಅಂದರೆ ವೇಗ ಹೆಚ್ಚು ಕಡಿಮೆ ಮಾಡಬಹುದಾದ ಪಂಪು ತಗೊಳ್ಳಿ ಅಂತಾರೆ. ಪಕ್ಕದ ಮನೆಯವರು ಪಂಪನ್ನು ದಿನಕ್ಕೆ 2 ಗಂಟೆ ಓಡಿಸಿದರೆ ಸಾಕು ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಮೂವರ ಮಾತೂ ಬೇಡ. ಒಂದು ಟೇಪು, ಒಂದು ಬಕೆಟ್, ಕೈಯಲ್ಲಿ ಒಂದು ಗಡಿಯಾರ. ಈ ಭಾನುವಾರಕ್ಕೆ ಇಷ್ಟು ಸಾಕು.

ಸೋಲಾರ್ ಕೆಟ್ಟದ್ದಲ್ಲ, ವೇರಿಯಬಲ್ ಸ್ಪೀಡ್ ಪಂಪು ಕೂಡ ಒಳ್ಳೆಯ ಮಾಲೇ. ಆದರೆ ಯಾವುದನ್ನು ಮೊದಲು ಮಾಡುತ್ತೀರಿ ಅನ್ನೋದರ ಮೇಲೆ ಲೆಕ್ಕ ಪೂರ್ತಿ ಬದಲಾಗುತ್ತದೆ. ನಿಮ್ಮ ಪಂಪು ದಿನಕ್ಕೆ 12 ಗಂಟೆ ಓಡುತ್ತಿರುವಾಗ ಯಾವ ದುಬಾರಿ ಸಾಮಾನು ತಂದರೂ ಅದು ಭಾರಿ ಉಳಿತಾಯ ಮಾಡಿದಂತೆ ಕಾಣುತ್ತದೆ. ಆ 12 ಗಂಟೆಯೇ ಬೇಡವಾಗಿದ್ದರೆ?

ಮೊದಲು ನಿಮ್ಮ ಬಿಲ್ಲನ್ನೇ ಬಿಡಿಸಿ ನೋಡೋಣ. ಕರೆಂಟಿನ ದರ ನಿಗದಿ ಮಾಡುವ ಕೆಇಆರ್‌ಸಿಯ (ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ) 2025-26ರ ಆದೇಶದಲ್ಲಿ ಗೃಹಬಳಕೆಗೆ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ಇತ್ತು. ಅದರ ಮೇಲೆ ಪಿಂಚಣಿ-ಗ್ರಾಚ್ಯುಟಿ ಬಾಬ್ತು 36 ಪೈಸೆ, ಮತ್ತೆ ಶೇ 9 ತೆರಿಗೆ. ಇಂಧನ ಹೊಂದಾಣಿಕೆ ಅಂತ ಆಗಾಗ ಕೆಲವು ಪೈಸೆ ಏರಿಳಿಯುತ್ತದೆ. ಲೆಕ್ಕ ಸುಲಭವಾಗಲಿ ಅಂತ 7 ರೂಪಾಯಿ ಇಟ್ಟುಕೊಳ್ಳೋಣ. ಇದರ ಜೊತೆಗೆ ಅದೇ ಆದೇಶದಂತೆ ನಿಗದಿತ ಶುಲ್ಕ ಕಿಲೋವ್ಯಾಟಿಗೆ 145 ರೂಪಾಯಿ. ನಿಮ್ಮ 15 ಕಿಲೋವ್ಯಾಟಿಗೆ ತಿಂಗಳಿಗೆ 2,175 ರೂಪಾಯಿ. ಕೊಳಕ್ಕೆ ಯಾರೂ ಇಳಿಯದಿದ್ದರೂ ಇದು ಬರುತ್ತದೆ. ಇದನ್ನು ನೆನಪಿಡಿ, ಆಮೇಲೆ ವಾಪಸ್ ಬರ್ತೀನಿ.

ಈಗ ಪಂಪು. 1.5 ಎಚ್‌ಪಿ ಅಂದರೆ 1.1 ಕಿಲೋವ್ಯಾಟ್. ಆದರೆ ಅದು ಮೋಟಾರಿನ ಶಾಫ್ಟಿನಲ್ಲಿ ಸಿಗುವ ಶಕ್ತಿ. ಮೀಟರಿನಿಂದ ಎಳೆಯುವುದು ಅದಕ್ಕಿಂತ ಜಾಸ್ತಿ, ಸುಮಾರು 1.45 ಕಿಲೋವ್ಯಾಟ್. ನನ್ನ ಮಾತು ನಂಬಬೇಡಿ, ನೀವೇ ಎಣಿಸಿ. ಮನೆಯ ಎಲ್ಲ ಸ್ವಿಚ್ಚೂ ಆರಿಸಿ, ಫ್ರಿಜ್ಜು ಕೂಡ. ಕೊಳದ ಪಂಪು ಮಾತ್ರ ಓಡಲಿ. ಮೀಟರಿನ ಮುಂದೆ ನಿಂತರೆ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಅಂತ ಮೀಟರಿನ ಮುಖದ ಮೇಲೇ ಬರೆದಿರುತ್ತದೆ. 1600 ಅಂತಿದೆ ಅಂದುಕೊಳ್ಳಿ. ಒಂದು ನಿಮಿಷ ಎಣಿಸಿ. 39 ಬಂತೇ? 39ನ್ನು 60ರಿಂದ ಗುಣಿಸಿ 1600ರಿಂದ ಭಾಗಿಸಿ. 1.46 ಕಿಲೋವ್ಯಾಟ್. ಇಷ್ಟೇ ವಿದ್ಯೆ. ಜಲಪಾತದ ಮೋಟಾರು, ಹೀಟರು, ದೀಪ ಎಲ್ಲವನ್ನೂ ಒಂದೊಂದಾಗಿ ಹೀಗೇ ಅಳೆಯಬಹುದು.

12 ಗಂಟೆಗೆ ದಿನಕ್ಕೆ 17.4 ಯೂನಿಟ್. ತಿಂಗಳಿಗೆ 522 ಯೂನಿಟ್, 3,650 ರೂಪಾಯಿ. ಮಾಮೂಲಿ ತಿಂಗಳ ಬಿಲ್ಲಿನಲ್ಲಿ ಅತಿ ದೊಡ್ಡ ಬಾಬ್ತು ಇದೇ.

ಇಷ್ಟು ಓಡಬೇಕೇ? ನಿಮ್ಮ ಕೊಳದಲ್ಲಿ ಸುಮಾರು 45,000 ಲೀಟರ್ ನೀರಿದೆ. ಅಷ್ಟೂ ನೀರು ಒಂದು ಸಲ ಫಿಲ್ಟರಿನಿಂದ ಹಾದು ಬಂದರೆ ಅದನ್ನು ಒಂದು ಸುತ್ತು ಅನ್ನುತ್ತಾರೆ. ದಿನಕ್ಕೆ ನಾಲ್ಕೈದು ಜನ ಇಳಿಯುವ ಮನೆಯ ಕೊಳಕ್ಕೆ ಒಂದರಿಂದ ಎರಡು ಸುತ್ತು ಸಾಕು. ಕ್ಲಬ್ಬಿನ ಕೊಳದ ಲೆಕ್ಕ ಬೇರೆ, ಅಲ್ಲಿ ಇಡೀ ದಿನ ಜನ. ನಮ್ಮಲ್ಲಿ ಮನೆ ಕೊಳಕ್ಕೂ ಕ್ಲಬ್ಬಿನ ಪಾಠವನ್ನೇ ಹೇಳಿಕೊಟ್ಟು ಹೋಗುತ್ತಾರೆ. ಬೆಳಿಗ್ಗೆ ಹಾಕಿ, ಸಂಜೆ ಆರಿಸಿ. ಹೇಳೋದಕ್ಕೆ ಸುಲಭ, ಬಿಲ್ಲು ಕಟ್ಟೋರು ನೀವು ತಾನೇ.

ನಿಮ್ಮ ಪಂಪು ಗಂಟೆಗೆ ಎಷ್ಟು ನೀರು ಎತ್ತುತ್ತದೆ ಅಂತ ತಿಳಿಯಲು ಟೇಪು ಬೇಕು. ಮುಂದಿನ ಸಲ ಬ್ಯಾಕ್‌ವಾಶ್ (ಫಿಲ್ಟರಿನಲ್ಲಿ ನೀರನ್ನು ಉಲ್ಟಾ ಹಾಯಿಸಿ, ಮರಳಿನ ಕೊಳೆಯನ್ನು ಹೊರಗೆ ತೊಳೆದುಬಿಡುವುದು) ಮಾಡುವಾಗ, ಶುರು ಮಾಡುವ ಮೊದಲು ಕೊಳದ ಅಂಚಿನಿಂದ ನೀರಿನ ಮಟ್ಟಕ್ಕೆ ಎಷ್ಟು ಅಂತರ ಇದೆ ಅಳೆಯಿರಿ. ಸರಿಯಾಗಿ 3 ನಿಮಿಷ ನೀರು ಹೊರಗೆ ಬಿಡಿ. ನಿಲ್ಲಿಸಿ, ಅಲೆ ಅಡಗಿದ ಮೇಲೆ ಮತ್ತೆ ಅಳೆಯಿರಿ. ನಿಮ್ಮ ಕೊಳದ ಮೇಲ್ಮೈ 32 ಚದರ ಮೀಟರ್. ಹಾಗಾಗಿ 1 ಸೆಂಟಿಮೀಟರ್ ಇಳಿದರೆ 320 ಲೀಟರ್ ಹೋಯಿತು ಅಂತ. 3 ನಿಮಿಷಕ್ಕೆ 2.8 ಸೆಂಟಿಮೀಟರ್ ಇಳಿದರೆ ಸುಮಾರು 900 ಲೀಟರ್. ನಿಮಿಷಕ್ಕೆ 300, ಗಂಟೆಗೆ 18,000 ಲೀಟರ್. ನಿಮ್ಮಂಥ ಪಂಪಿಗೆ ಇದು ಸಹಜವಾದ ಅಂಕಿ. ಬ್ಯಾಕ್‌ವಾಶ್ ದಾರಿಗೂ ಮಾಮೂಲಿ ದಾರಿಗೂ ಸ್ವಲ್ಪ ವ್ಯತ್ಯಾಸ ಇರುತ್ತದೆ, ನಮ್ಮ ಕೆಲಸಕ್ಕೆ ಅಡ್ಡಿಯಿಲ್ಲ.

ಗಂಟೆಗೆ 18,000 ಅಂದರೆ ಎರಡೂವರೆ ಗಂಟೆಗೆ ಒಂದು ಸುತ್ತು. 12 ಗಂಟೆಗೆ ಹತ್ತಿರ ಹತ್ತಿರ ಐದು ಸುತ್ತು! ತೊಳೆದ ಪಾತ್ರೆಯನ್ನೇ ಮತ್ತೆ ಮತ್ತೆ ತೊಳೆದ ಹಾಗೆ. 5 ಗಂಟೆ ಓಡಿಸಿದರೆ ಎರಡು ಸುತ್ತು ಮುಗಿಯಿತು. 7.25 ಯೂನಿಟ್. ಒಂದು ಪೈಸೆ ಖರ್ಚಿಲ್ಲದೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಮೇಲೆ ಉಳಿಯಿತು.

ಹಾಗಂತ ನಾಳೆಯೇ 12ರಿಂದ 5ಕ್ಕೆ ಇಳಿಸಬೇಡಿ. ವಾರಕ್ಕೆ ಒಂದು ಗಂಟೆಯಂತೆ ಇಳಿಸಿ. ಪ್ರತಿ ಬೆಳಿಗ್ಗೆ ಆಳದ ಕಡೆ ನಿಂತು ತಳದ ಡ್ರೈನ್ ಜಾಲರಿಯನ್ನು ನೋಡಿ. ಅದರ ಸ್ಕ್ರೂಗಳು ಬಿಡಿಬಿಡಿಯಾಗಿ ಕಾಣಬೇಕು. ಜಾಲರಿ ಕಾಣುತ್ತದೆ, ಸ್ಕ್ರೂ ಮಸುಕು ಅಂದರೆ ಅರ್ಧ ಗಂಟೆ ಹಿಂದಕ್ಕೆ ಹೋಗಿ. ಮಾರ್ಚ್‌ನಿಂದ ಮೇವರೆಗೆ ನೀರು ಬೆಚ್ಚಗಾಗಿ ಪಾಚಿ ಬೇಗ ಹುಟ್ಟುತ್ತದೆ, ಆಗ ಒಂದೆರಡು ಗಂಟೆ ಜಾಸ್ತಿ ಬೇಕಾಗಬಹುದು. ಚಳಿಯಲ್ಲಿ 4 ಗಂಟೆಗೂ ನಡೆಯುತ್ತದೆ. ಮಳೆಗಾಲದಲ್ಲಿ ನೀರು ತಣ್ಣಗಿದ್ದರೂ ಮಳೆ ನೀರು ಕ್ಲೋರಿನ್ ತೆಳು ಮಾಡುತ್ತದೆ, ಜೋರು ಮಳೆ ಬಂದ ಮಾರನೇ ದಿನ ನೀರು ಪರೀಕ್ಷೆಯ ಕಿಟ್ ತೆಗೆದು ನೋಡಿ. ಕ್ಲೋರಿನ್ 1ರಿಂದ 3 ಪಿಪಿಎಂ, ಪಿಎಚ್ 7.2ರಿಂದ 7.6. ಈ ಎರಡು ಸರಿಯಿದ್ದರೆ ಪಂಪಿನ ಮೇಲಿನ ಹೊರೆ ತಾನಾಗಿ ಇಳಿಯುತ್ತದೆ. ಇವೆರಡು ತಪ್ಪಿದರೆ 24 ಗಂಟೆ ಓಡಿಸಿದರೂ ನೀರು ಹಸಿರೇ.

ಪಕ್ಕದ ಮನೆಯವರ 2 ಗಂಟೆ ಸಲಹೆಗೆ ಬರೋಣ. ನಿಮ್ಮ ಪಂಪಿನಲ್ಲಿ ಅದು ಒಂದು ಸುತ್ತೂ ಆಗುವುದಿಲ್ಲ. ಡಿಸೆಂಬರ್‌ನಲ್ಲಿ ಯಾರೂ ಇಳಿಯದಿದ್ದರೆ ಬಹುಶಃ ತಪ್ಪಿಸಿಕೊಳ್ಳಬಹುದು. ಏಪ್ರಿಲ್‌ನಲ್ಲಿ ಆಗಲ್ಲ. ಒಮ್ಮೆ ನೀರು ಹಸಿರು ತಿರುಗಿತು ಅಂದರೆ ಶಾಕ್ ಡೋಸ್ (ಒಮ್ಮೆಗೇ ಜಾಸ್ತಿ ಕ್ಲೋರಿನ್) ಹಾಕಿ, ಗೋಡೆ ಉಜ್ಜಿ, ಪಂಪನ್ನು ಎರಡು ದಿನ ಬಿಡದೆ ಓಡಿಸಬೇಕು. 48 ಗಂಟೆಗೆ 70 ಯೂನಿಟ್. ಅಂದರೆ ಒಂಬತ್ತು ಹತ್ತು ದಿನದ ಮಾಮೂಲಿ ಓಟ ಎರಡೇ ದಿನದಲ್ಲಿ ಹೋಯಿತು, ಕೆಮಿಕಲ್ ಖರ್ಚು ಬೇರೆ.

ಇನ್ನೊಂದು ಮಾತು. ಇಂಟರ್ನೆಟ್ಟಿನಲ್ಲಿ ಎಲ್ಲಿ ಹುಡುಕಿದರೂ ರಾತ್ರಿ ಓಡಿಸಿ, ಕರೆಂಟ್ ಅಗ್ಗ ಅಂತ ಇರುತ್ತದೆ. ಅದು ಹೊತ್ತಿಗೊಂದು ದರ ಇರುವ ಕಡೆಯ ಮಾತು. ನಿಮ್ಮ ಬಿಲ್ಲಿನಲ್ಲಿ ಅಂಥ ದರ ಇಲ್ಲದಿದ್ದರೆ ರಾತ್ರಿಯ ಯೂನಿಟ್ಟಿಗೂ ಹಗಲಿನ ಯೂನಿಟ್ಟಿಗೂ ಒಂದೇ ಬೆಲೆ. ಬಿಸಿಲು ಕ್ಲೋರಿನ್ನನ್ನು ತಿನ್ನುವುದು ಹಗಲಲ್ಲಿ, ಎಲೆ ಬೀಳುವುದು, ಜನ ಇಳಿಯುವುದು ಕೂಡ ಹಗಲಲ್ಲೇ. ಬೆಳಿಗ್ಗೆ 3 ಗಂಟೆ, ಮಧ್ಯಾಹ್ನದ ಮೇಲೆ 2 ಗಂಟೆ ಅಂತ ಹಂಚಿಕೊಳ್ಳಿ.

ಇದಕ್ಕೆ ಟೈಮರ್ ಬೇಕಾಗುತ್ತದೆ. ಮುಳ್ಳು ತಿರುಗುವ ಹಳೆಯ ಟೈಮರ್ ಬೇಡ. ಕರೆಂಟ್ ಹೋದಾಗ ಅದೂ ನಿಂತುಬಿಡುತ್ತದೆ. ದಿನಕ್ಕೆ ಒಂದು ಗಂಟೆ ಕರೆಂಟ್ ಹೋದರೂ ವಾರದಲ್ಲಿ ಅದರ ಗಡಿಯಾರ ಏಳು ಗಂಟೆ ಹಿಂದೆ. ಬೆಳಿಗ್ಗೆ ಓಡಬೇಕಾದ ಪಂಪು ಮಧ್ಯಾಹ್ನ ಓಡುತ್ತಿರುತ್ತದೆ, ಕೆಲಸದವರು ಕೈಯಲ್ಲೇ ಹಾಕಿ ಆರಿಸಲು ಶುರು ಮಾಡುತ್ತಾರೆ, ಅಲ್ಲಿಗೆ ಟೈಮರ್ ಕಥೆ ಮುಗಿಯಿತು. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಗೊಳ್ಳಿ, ಜೊತೆಗೆ ಮೋಟಾರಿನ ಆಂಪ್ಸ್ ತಾಳುವ ಕಾಂಟ್ಯಾಕ್ಟರ್ (ಟೈಮರ್ ಹೇಳಿದಂತೆ ಮೋಟಾರನ್ನು ಹಾಕಿ ಆರಿಸುವ ದೊಡ್ಡ ಸ್ವಿಚ್ಚು) ಹಾಕಿಸಿ. ಬಡಾವಣೆಯ ಜನರೇಟರ್ ಬ್ಯಾಕಪ್ ಇದ್ದರೆ ಕೊಳದ ಪಂಪು ಆ ಲೈನಿನಲ್ಲಿ ಇರಕೂಡದು. ಡೀಸೆಲ್ ಕರೆಂಟು ಮೂರ್ನಾಲ್ಕು ಪಟ್ಟು ದುಬಾರಿ.

ಈಗ ಫಿಲ್ಟರ್. ಒಮ್ಮೆ ಒಬ್ಬರ ಮನೆಗೆ ಹೋಗಿದ್ದೆ. ಪಂಪು ಓಡುತ್ತಿತ್ತು, ಫಿಲ್ಟರಿನ ತಲೆಯ ಮೇಲೆ ನೀರಿನ ಒತ್ತಡ ತೋರಿಸುವ ಗೇಜ್ ಒಂದೂವರೆ ಬಾರ್ ತೋರಿಸುತ್ತಿತ್ತು. ನೋಡಿಕೊಳ್ಳುವ ಹುಡುಗನಿಗೆ ಪಂಪು ಆರಿಸಪ್ಪ ಅಂದೆ. ಆರಿಸಿದ. ಮುಳ್ಳು ಅಲ್ಲಾಡಲಿಲ್ಲ. "ಅದು ಯಾವಾಗಲೂ ಅಷ್ಟೇ ಸಾರ್" ಅಂದ. ಗೇಜ್ ಸತ್ತು ಎಷ್ಟು ಕಾಲ ಆಗಿತ್ತೋ. ಬ್ಯಾಕ್‌ವಾಶ್ ಯಾವಾಗ ಮಾಡ್ತೀಯ ಅಂದರೆ, ನೆನಪಾದಾಗ. ನಿಮ್ಮಲ್ಲೂ ಇದೇ ಪರೀಕ್ಷೆ ಮಾಡಿ. ಪಂಪು ಆರಿಸಿದಾಗ ಮುಳ್ಳು ಸೊನ್ನೆಗೆ ಬರಬೇಕು. ಬರದಿದ್ದರೆ ಕೆಲವು ನೂರು ರೂಪಾಯಿಯ ಹೊಸ ಗೇಜ್ ಹಾಕಿಸಿ. ಬ್ಯಾಕ್‌ವಾಶ್ ಆದ ತಕ್ಷಣ ಎಷ್ಟು ತೋರಿಸುತ್ತದೆ ನೋಡಿ, ಫಿಲ್ಟರಿನ ಮೇಲೇ ಮಾರ್ಕರಿನಲ್ಲಿ ಬರೆದುಬಿಡಿ. ಅದಕ್ಕಿಂತ ಅರ್ಧ ಬಾರ್‌ಗೂ ಸ್ವಲ್ಪ ಮೇಲೆ ಏರಿದಾಗ ಮುಂದಿನ ಬ್ಯಾಕ್‌ವಾಶ್. ಮೊದಲೇ ಮಾಡಿದರೆ ನೀರು ದಂಡ, ತಡ ಮಾಡಿದರೆ ಕರೆಂಟು ದಂಡ.

ಇಲ್ಲಿ ಬಹಳ ಜನ, ಎಲೆಕ್ಟ್ರಿಷಿಯನ್‌ಗಳೂ ಸೇರಿ, ಒಂದು ಕಡೆ ಎಡವುತ್ತಾರೆ. ಫಿಲ್ಟರ್ ಕಟ್ಟಿಕೊಂಡರೆ ಮೋಟಾರು ಜಾಸ್ತಿ ಕರೆಂಟ್ ಎಳೆಯುತ್ತದೆ ಅಂದುಕೊಳ್ಳುತ್ತಾರೆ. ಕೊಳದ ಪಂಪಿನಲ್ಲಿ ಆಗುವುದು ಉಲ್ಟಾ. ನೀರಿನ ಓಟ ಕಡಿಮೆಯಾದ ಹಾಗೆ ಆಂಪ್ಸ್ ಕೂಡ ಸ್ವಲ್ಪ ಇಳಿಯುತ್ತದೆ. ಕ್ಲಾಂಪ್ ಮೀಟರ್ ಹಿಡಿದು ನೋಡಿ, ಅರೆ ಚೆನ್ನಾಗಿದೆ ಅಂತ ಖುಷಿ ಪಡಬೇಡಿ. ಕರೆಂಟು ಹತ್ತು ಭಾಗ ಇಳಿದಾಗ ನೀರು ಮೂವತ್ತು ನಲವತ್ತು ಭಾಗ ಇಳಿದಿರಬಹುದು. ಒಂದು ಸುತ್ತಿಗೆ ಎಷ್ಟು ಯೂನಿಟ್ ಅನ್ನೋದೇ ನಿಜವಾದ ಲೆಕ್ಕ. ಅರ್ಧ ಮುಚ್ಚಿದ ವಾಲ್ವ್, ನೀರಿನ ಮೇಲೆ ತೇಲುವ ಕಸ ಹಿಡಿಯುವ ಸ್ಕಿಮ್ಮರಿನಲ್ಲಿ ಎಲೆ ತುಂಬಿದ ಬುಟ್ಟಿ, ಪಂಪಿನ ಮುಂದಿನ ಬುಟ್ಟಿಯಲ್ಲಿ ಸಿಕ್ಕಿಕೊಂಡ ಬೇವಿನ ಹೂವು, ಎಲ್ಲ ಮಾಡುವುದು ಇದನ್ನೇ.

ಜಲಪಾತ ಮತ್ತು ದೀಪಕ್ಕೆ ಜಾಸ್ತಿ ಹೇಳಬೇಕಿಲ್ಲ. ಜಲಪಾತದ ಮೋಟಾರು ದಿನಕ್ಕೆ 3 ಯೂನಿಟ್, ತಿಂಗಳಿಗೆ 630 ರೂಪಾಯಿ. ನೆಂಟರು ಬಂದಾಗ ಹಾಕಿ. ನೀರನ್ನು ಹಾಗೆ ಗಾಳಿಗೆ ಎರಚಿದರೆ ಅದು ತಣ್ಣಗಾಗುತ್ತದೆ, ಪಿಎಚ್ ಮೇಲೇರಿ ಆಸಿಡ್ ಖರ್ಚೂ ಹೆಚ್ಚುತ್ತದೆ. ಚಳಿಗಾಲದಲ್ಲಿ ಒಂದು ಕಡೆ ಹೀಟರು, ಇನ್ನೊಂದು ಕಡೆ ಜಲಪಾತ. ನೀವೇ ಕಾಯಿಸಿ ನೀವೇ ಆರಿಸುತ್ತಿದ್ದೀರಿ, ಅಲ್ವಾ? ಹ್ಯಾಲೊಜೆನ್ ದೀಪ ಎರಡೂ ಸೇರಿ ತಿಂಗಳಿಗೆ 72 ಯೂನಿಟ್, 500 ರೂಪಾಯಿ. ಅದೇ ಅಳತೆಯ 25 ವ್ಯಾಟಿನ ಎಲ್‌ಇಡಿ ಹಾಕಿಸಿದರೆ 40 ರೂಪಾಯಿ ಆಸುಪಾಸು. ಈ ಕೆಲಸಕ್ಕೆ ಮಾತ್ರ ಕೊಳದ ಕೆಲಸ ಗೊತ್ತಿರುವ ಎಲೆಕ್ಟ್ರಿಷಿಯನ್ ಬೇಕು. 12 ವೋಲ್ಟಿನ ದೀಪವೇ ಆಗಿರಬೇಕು. ಕೊಳದ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್ಚು) ಇದೆಯೇ ಅಂತ ಅದೇ ದಿನ ನೋಡಿಸಿ. ಇಲ್ಲದಿದ್ದರೆ ಬಿಲ್ಲಿನ ಚಿಂತೆ ಪಕ್ಕಕ್ಕಿಟ್ಟು ಮೊದಲು ಅದನ್ನು ಹಾಕಿಸಿ.

ಈಗ ಹೀಟರು. ನಿಮ್ಮ ಪ್ರಶ್ನೆಯಲ್ಲಿ ನನಗೆ ಹೊಟ್ಟೆ ಉರಿದದ್ದು ಇಲ್ಲೇ.

45,000 ಲೀಟರ್ ನೀರನ್ನು 1 ಡಿಗ್ರಿ ಬಿಸಿ ಮಾಡಲು 52 ಯೂನಿಟ್ ಶಾಖ ಬೇಕು. ಇದು ಭೌತಶಾಸ್ತ್ರ, ಯಾವ ಕಂಪನಿಯ ಹೀಟರೂ ಇದನ್ನು ಕಡಿಮೆ ಮಾಡಲಾರದು. ನಿಮ್ಮದು 9 ಕಿಲೋವ್ಯಾಟ್, 4 ಗಂಟೆ. ಅಂದರೆ 36 ಯೂನಿಟ್. ಶಾಖ ಒಂಚೂರೂ ಹೊರಗೆ ಹೋಗದಿದ್ದರೂ ನೀರು ಮುಕ್ಕಾಲು ಡಿಗ್ರಿಯೂ ಏರುವುದಿಲ್ಲ. ಅದಕ್ಕೆ ದಿನಕ್ಕೆ 250 ರೂಪಾಯಿ, ತಿಂಗಳಿಗೆ 7,500. ಡಿಸೆಂಬರ್‌ನ 16 ಸಾವಿರದ ಗುಟ್ಟು ಇದು.

ಆದರೆ ಶಾಖ ಹೊರಗೆ ಹೋಗುತ್ತದೆ. ಬಹುಪಾಲು ಹೋಗುವುದು ಗೋಡೆಯಿಂದಲ್ಲ, ತಳದಿಂದಲ್ಲ, ಮೇಲ್ಮೈಯಿಂದ ಆವಿಯಾಗಿ. ನಮ್ಮ ಕಡೆ ಡಿಸೆಂಬರ್, ಜನವರಿಯ ಗಾಳಿ ಒಣಗಿರುತ್ತದೆ, ರಾತ್ರಿ ನೀರಿಗಿಂತ ಗಾಳಿ ತಣ್ಣಗಿರುತ್ತದೆ. ಮುಂಜಾನೆ ಕೊಳದ ಮೇಲೆ ಹೊಗೆಯಾಡುವುದನ್ನು ನೋಡಿರುತ್ತೀರಿ. ನೋಡಲು ಚೆಂದ. ನಿಮ್ಮ ದುಡ್ಡೇ ಹಾಗೆ ಹೊಗೆಯಾಗಿ ಹೋಗುವುದು.

ಬಕೆಟ್ ಬೇಕು ಅಂದಿದ್ದು ಇದಕ್ಕೆ. ಒಂದು ಬಕೆಟ್ಟನ್ನು ಕೊಳದ ಮೊದಲ ಮೆಟ್ಟಿಲ ಮೇಲಿಟ್ಟು, ಹೊರಗಿನ ನೀರಿನ ಮಟ್ಟಕ್ಕೇ ಒಳಗೂ ನೀರು ತುಂಬಿ. ಎರಡು ಕಡೆಯೂ ಗೆರೆ ಹಾಕಿ. ಪಂಪು ಆರಿಸಿ 24 ಗಂಟೆ ಬಿಡಿ, ಯಾರೂ ಇಳಿಯಬಾರದು. ಬಕೆಟ್ಟಿನಲ್ಲಿ ಇಳಿದಷ್ಟೇ ಕೊಳದಲ್ಲೂ ಇಳಿದಿದ್ದರೆ ಅದು ಆವಿ. ಕೊಳದಲ್ಲಿ ಜಾಸ್ತಿ ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಅದರ ದಾರಿ ಬೇರೆ. ಆವಿಯೇ 3 ಮಿಲಿಮೀಟರ್ ಅಂತ ಬಂತು ಅಂದುಕೊಳ್ಳಿ. 32 ಚದರ ಮೀಟರಿಗೆ 96 ಲೀಟರ್ ಆಯಿತು. ಒಂದು ಲೀಟರ್ ಆವಿಯಾಗಿ ಹೋಗುವಾಗ 0.68 ಯೂನಿಟ್ ಶಾಖ ಹೊತ್ತೊಯ್ಯುತ್ತದೆ. 96 ಲೀಟರಿಗೆ 65 ಯೂನಿಟ್.

ಹೀಟರು ಕೊಡುವುದು 36, ಆವಿ ಕದಿಯುವುದು 65. ಬಿಸಿಲು ಒಂದಷ್ಟು ತುಂಬಿಕೊಡುತ್ತದೆ, ಅದಕ್ಕೇ ಕೊಳ ಇನ್ನೂ ಮಂಜುಗಡ್ಡೆ ಆಗಿಲ್ಲ. ಈಗ ಕೊಳದ ಮೇಲೆ ಬಬಲ್ ಕವರ್ ಹಾಸಿ ನೋಡಿ. ಪಾರ್ಸೆಲ್‌ಗೆ ಸುತ್ತುವ ಗುಳ್ಳೆ ಪ್ಲಾಸ್ಟಿಕ್ಕಿನ ಅಣ್ಣ ಇದ್ದ ಹಾಗೆ ಇರುತ್ತದೆ, 400 ಅಥವಾ 500 ಮೈಕ್ರಾನ್ ದಪ್ಪ. ಗುಳ್ಳೆಯ ಬದಿ ನೀರಿಗೆ ತಾಗಬೇಕು. ದಿನಕ್ಕೆ 18-20 ಗಂಟೆ ಮುಚ್ಚಿಟ್ಟರೆ ಆ ಮೂರು ಮಿಲಿಮೀಟರಿನಲ್ಲಿ ಎರಡಾದರೂ ನಿಲ್ಲುತ್ತದೆ. ಅಂದರೆ 43 ಯೂನಿಟ್ ಶಾಖ ಉಳಿಯಿತು. ನಿಮ್ಮ 9 ಕಿಲೋವ್ಯಾಟ್ ಹೀಟರು ದಿನಕ್ಕೆ ಕೊಡುವುದಕ್ಕಿಂತ ಒಂದು ಪ್ಲಾಸ್ಟಿಕ್ ಹಾಳೆ ಜಾಸ್ತಿ ಕೊಟ್ಟಿತು, ಕರೆಂಟಿಲ್ಲದೆ. ಮೇಲಿಂದ ನೀರೂ ಉಳಿಯಿತು, ಕ್ಲೋರಿನ್ನೂ ಉಳಿಯಿತು. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಎದ್ದಾಗ, ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಬೆಂಗಳೂರು ಜಲಮಂಡಳಿ ಆದೇಶ ಹೊರಡಿಸಿತ್ತು. ಮೈಸೂರಿನಲ್ಲಿದ್ದರೂ ಕೊಳ ಇಟ್ಟುಕೊಂಡವರು ಅದನ್ನು ಮರೆಯಬಾರದು.

ಕವರ್ ತರುವಾಗ ರೋಲರ್ ಜೊತೆಗೇ ತನ್ನಿ. ದುಡ್ಡು ಉಳಿಸಲು ಬರೀ ಕವರ್ ತಂದವರ ಮನೆಯಲ್ಲಿ ಅದು ಎರಡೇ ವಾರದಲ್ಲಿ ಬೇವಿನ ಮರದ ಕೆಳಗೆ ಮುದುಡಿ ಬಿದ್ದಿರುತ್ತದೆ. 32 ಚದರ ಮೀಟರಿನ ಒದ್ದೆ ಪ್ಲಾಸ್ಟಿಕ್ಕನ್ನು ದಿನಾ ಇಬ್ಬರು ಎಳೆದಾಡುವುದು ಆಗದ ಮಾತು. ಶಾಕ್ ಡೋಸ್ ಹಾಕಿದ ದಿನ ಮುಚ್ಚಬೇಡಿ, ಕವರ್ ಹಾಳಾಗುತ್ತದೆ. ಮುಖ್ಯವಾಗಿ, ಇದು ರಕ್ಷಣೆಯ ಮುಚ್ಚಳ ಅಲ್ಲವೇ ಅಲ್ಲ. ಮಗು ಕಾಲಿಟ್ಟರೆ ಕವರ್ ಮಡಚಿಕೊಂಡು ಮಗು ಕೆಳಗೆ ಹೋಗುತ್ತದೆ, ಮೇಲಿಂದ ಕಾಣುವುದೂ ಇಲ್ಲ. ಅರ್ಧ ಮುಚ್ಚಿದ ಕೊಳಕ್ಕೆ ಯಾರನ್ನೂ ಇಳಿಸಬೇಡಿ. ಸುತ್ತ ಬೇಲಿ, ಗೇಟಿಗೆ ಚಿಲಕ ಮೊದಲಿನಂತೆಯೇ ಇರಲಿ.

ಕವರ್ ಹಾಕಿದ ಮೇಲೂ ಅಮ್ಮನಿಗೆ ತಣ್ಣಗೆನಿಸಿದರೆ ಎರಡು ದಾರಿ ಇವೆ. ತಾರಸಿಯಲ್ಲಿ ಜಾಗ ಇದ್ದರೆ ಕಪ್ಪು ಪ್ಲಾಸ್ಟಿಕ್ ಕೊಳವೆಗಳ ಸೋಲಾರ್ ಚಾಪೆ. ಕೊಳದ ನೀರೇ ಅದರಲ್ಲಿ ಹಾದು ಬಿಸಿಯಾಗಿ ಬರುತ್ತದೆ. ಕೊಳದ ವಿಸ್ತೀರ್ಣದ ಅರ್ಧದಷ್ಟಾದರೂ, ಅಂದರೆ 16 ಚದರ ಮೀಟರ್ ಬೇಕು. ಸ್ನಾನದ ಮನೆಗೆ ಹಾಕುವ ಗಾಜಿನ ಕೊಳವೆಯ ಸೋಲಾರ್ ಇದಕ್ಕೆ ಹೊಂದುವುದಿಲ್ಲ. ಅದು ಸ್ವಲ್ಪ ನೀರನ್ನು ತುಂಬಾ ಬಿಸಿ ಮಾಡುವ ಯಂತ್ರ, ನಮಗೆ ಬೇಕಿರುವುದು ತುಂಬಾ ನೀರನ್ನು ಸ್ವಲ್ಪ ಬಿಸಿ ಮಾಡುವುದು. ಇನ್ನೊಂದು ದಾರಿ ಹೀಟ್ ಪಂಪ್. ಉಲ್ಟಾ ತಿರುಗಿಸಿದ ಎಸಿ ಅಂದುಕೊಳ್ಳಿ. ಹೊರಗಿನ ಗಾಳಿಯ ಶಾಖವನ್ನು ನೀರಿಗೆ ದಾಟಿಸುತ್ತದೆ. ಒಂದು ಯೂನಿಟ್ ಕರೆಂಟಿಗೆ ನಾಲ್ಕೈದು ಯೂನಿಟ್ ಶಾಖ ಸಿಗುತ್ತದೆ. ಹೊರಗೆ ಬೆಚ್ಚಗಿದ್ದಷ್ಟೂ ಒಳ್ಳೆಯದು, ಹಾಗಾಗಿ ಮಧ್ಯಾಹ್ನ 12ರಿಂದ 4ರ ನಡುವೆ ಓಡಿಸಬೇಕು. ಬೆಳಿಗ್ಗೆ 5ಕ್ಕೆ ಎದ್ದು ಹಾಕಿದರೆ ಅದರ ಲಾಭ ಕಡಿಮೆಯಾಗುತ್ತದೆ. ಅಮ್ಮನ ವ್ಯಾಯಾಮವನ್ನೂ ಸಂಜೆ 4ಕ್ಕೆ ಸರಿಸಿ. ದಿನದಲ್ಲಿ ನೀರು ಅತಿ ಬೆಚ್ಚಗಿರುವ ಹೊತ್ತು ಅದೇ.

ವೇರಿಯಬಲ್ ಸ್ಪೀಡ್ ಪಂಪಿನ ವಿಷಯ. ಇದರ ಹಿಂದಿನ ವಿಜ್ಞಾನ ನಿಜವಾಗಿಯೂ ಸೊಗಸು. ಪಂಪಿನ ವೇಗ ಅರ್ಧ ಮಾಡಿದರೆ ನೀರು ಅರ್ಧ ಬರುತ್ತದೆ, ಆದರೆ ಬೇಕಾಗುವ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೋಟಾರಿನ ನಷ್ಟ ಸೇರಿಸಿದರೆ ವಾಸ್ತವದಲ್ಲಿ ಐದನೇ ಒಂದು ಭಾಗ ಅನ್ನಿ. ನಿಮ್ಮ ಲೆಕ್ಕದಲ್ಲಿ ಸುಮಾರು 0.28 ಕಿಲೋವ್ಯಾಟ್. 10 ಗಂಟೆ ನಿಧಾನ ಓಡಿಸಿದರೆ ಅದೇ ಎರಡು ಸುತ್ತು, 2.8 ಯೂನಿಟ್ಟಿಗೆ. ನೀರು ನಿಧಾನ ಹೋದಾಗ ಮರಳು ಇನ್ನೂ ಚೆನ್ನಾಗಿ ಸೋಸುತ್ತದೆ, ಸದ್ದೂ ಇರುವುದಿಲ್ಲ. ಅಮೆರಿಕದಲ್ಲಿ 2021ರ ಜುಲೈ 19ರಿಂದ ಕೊಳದ ಪಂಪುಗಳಿಗೆ ಹೊಸ ದಕ್ಷತೆಯ ನಿಯಮ ಬಂದು, ಅಲ್ಲಿ ದೊಡ್ಡ ಪಂಪುಗಳು ಬಹುತೇಕ ಈ ಬಗೆಯವೇ ಆಗಿಬಿಟ್ಟಿವೆ. ಅಲ್ಲಿರುವ ನಿಮ್ಮ ನೆಂಟರೂ ಇದನ್ನೇ ತಗೊಳ್ಳಿ ಅನ್ನಬಹುದು.

ಆದರೆ ಮಾರುವವರ ಲೆಕ್ಕ ನೋಡಿ. ಈಗ 12 ಗಂಟೆಗೆ 17.4 ಯೂನಿಟ್, ನಮ್ಮ ಪಂಪಿಗೆ 2.8. ತಿಂಗಳಿಗೆ 3,000 ರೂಪಾಯಿ ಉಳಿತಾಯ ಸಾರ್! ಪಂಪಿಗೆ 80,000 ಅಂತ ಇಟ್ಟುಕೊಂಡರೆ ಎರಡು ವರ್ಷ ಮೂರು ತಿಂಗಳಲ್ಲಿ ದುಡ್ಡು ವಾಪಸ್. ಅದೇ ನೀವು ಈಗಾಗಲೇ 5 ಗಂಟೆಗೆ ಇಳಿಸಿದ್ದರೆ? 7.25ರಿಂದ 2.8ಕ್ಕೆ. ತಿಂಗಳಿಗೆ 935 ರೂಪಾಯಿ. ಅದೇ 80,000 ವಾಪಸ್ ಬರಲು ಏಳು ವರ್ಷ. ಮೂರು ಸಾವಿರದಲ್ಲಿ ಎರಡು ಸಾವಿರ ನಿಮ್ಮ ಟೈಮರೇ ಉಳಿಸಿಕೊಟ್ಟದ್ದು, ಪಂಪಿನ ಹೆಸರಿಗೆ ಬರೆದುಕೊಂಡಿದ್ದಾರೆ ಅಷ್ಟೆ. ಹಾಗಾಗಿ ಈಗಿರುವ ಪಂಪು ಓಡುವಷ್ಟು ದಿನ ಓಡಲಿ. ಅದು ಸುಟ್ಟ ದಿನ ರಿವೈಂಡಿಂಗ್‌ಗೆ ಕೊಡಬೇಡಿ, ಆವತ್ತು ವೇರಿಯಬಲ್ ಸ್ಪೀಡ್ ತನ್ನಿ. ಹೇಗೂ ಹೊಸ ಪಂಪು ಬೇಕಲ್ಲ, ಮೇಲಿನ ವ್ಯತ್ಯಾಸದ ದುಡ್ಡು ಮಾತ್ರ ಲೆಕ್ಕಕ್ಕೆ. ಈಗಿನ ಪಂಪಿಗೇ ಬರೀ ಡ್ರೈವ್ (ಮೋಟಾರಿನ ವೇಗ ಬದಲಿಸುವ ಸಾಧನ) ಹಾಕಿಸಿಬಿಡೋಣ ಅಂತ ಯಾರಾದರೂ ಅಂದರೆ ನಿಮ್ಮದು ಸಿಂಗಲ್ ಫೇಸ್ ಅಂತ ನೆನಪಿಸಿ. ಆ ಉಪಾಯ ನಡೆಯುವುದು ತ್ರೀ ಫೇಸ್ ಮೋಟಾರಿಗೆ. ಕೆಪಾಸಿಟರ್ ಮೋಟಾರಿನ ವೇಗವನ್ನು ಹಾಗೆ ಇಳಿಸಲು ಹೋದರೆ ಅದು ಸುಟ್ಟೀತು.

ಸೋಲಾರ್ ಪ್ಯಾನೆಲ್ಲಿಗೂ ಇದೇ ಮಾತು. ಇಲ್ಲಿ 1 ಕಿಲೋವ್ಯಾಟ್ ಪ್ಯಾನೆಲ್ ತಿಂಗಳಿಗೆ ಸುಮಾರು 120 ಯೂನಿಟ್ ಕೊಡುತ್ತದೆ. ಈಗಿನ ಬಳಕೆ ನೋಡಿದರೆ 5 ಕಿಲೋವ್ಯಾಟೂ ಸಾಲದು. ಮೇಲೆ ಹೇಳಿದ್ದನ್ನೆಲ್ಲ ಮಾಡಿದ ಮೇಲೆ ಮಾಮೂಲಿ ತಿಂಗಳಲ್ಲಿ ಮನೆಯ ಉಳಿದ ಬಳಕೆಯ ಅಂದಾಜು 300 ಯೂನಿಟ್ ಸೇರಿ ನಿಮಗೆ ಬೇಕಾಗುವುದು 530ರ ಆಸುಪಾಸು. 3 ಕಿಲೋವ್ಯಾಟ್ ಹಾಕಿಸಿದರೆ 360 ಅದರಿಂದಲೇ ಬಂತು. ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ ಕೂಡ 3 ಕಿಲೋವ್ಯಾಟಿಗೆ 78,000 ರೂಪಾಯಿ ಅಂತ ನಿಂತುಬಿಡುತ್ತದೆ. ಅದರ ಮೇಲಿನ ಪ್ರತಿ ಕಿಲೋವ್ಯಾಟೂ ಪೂರ್ತಿ ನಿಮ್ಮ ಜೇಬಿನದ್ದು. ನಾಲ್ಕು ತಿಂಗಳು ಕಾದು, ಹೊಸ ಬಿಲ್ಲುಗಳನ್ನು ಎದುರಿಗಿಟ್ಟುಕೊಂಡು ಕೊಟೇಶನ್ ಕೇಳಿ. ಗೃಹಜ್ಯೋತಿ ಸಿಗುತ್ತದೆಯೇ ಅಂತ ಕೊಳ ಇರುವವರು ಆಗಾಗ ಕೇಳುತ್ತಾರೆ. ಅದರ ಮಿತಿ 200 ಯೂನಿಟ್, ಆ ಆಸೆ ಬಿಟ್ಟುಬಿಡಿ.

ಆ 2,175 ರೂಪಾಯಿಗೆ ವಾಪಸ್ ಬರ್ತೀನಿ ಅಂದಿದ್ದೆ. ನಿಮ್ಮ 15 ಕಿಲೋವ್ಯಾಟಿನಲ್ಲಿ 9 ಆ ಹೀಟರಿನದ್ದೇ. ಅದನ್ನು ಕಳಚಿದ ಮೇಲೆ ಬಿಲ್ಲಿನಲ್ಲಿ ಗರಿಷ್ಠ ಬೇಡಿಕೆ ಅಂತ ದಾಖಲಾಗುವ ಅಂಕಿಯನ್ನು ಕೆಲವು ತಿಂಗಳು ಗಮನಿಸಿ. ಗೀಸರು, ಎಸಿ, ಪಂಪು ಎಲ್ಲ ಒಟ್ಟಿಗೆ ಓಡಿದ ದಿನವೂ 7 ದಾಟದಿದ್ದರೆ, ಲೋಡನ್ನು 8ಕ್ಕೆ ಇಳಿಸಿ ಅಂತ ನಿಮಗೆ ಕರೆಂಟ್ ಕೊಡುವ ಸೆಸ್ಕ್ (ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ) ಕಚೇರಿಗೆ ಅರ್ಜಿ ಕೊಡಿ. ತಿಂಗಳಿಗೆ ಸಾವಿರ ರೂಪಾಯಿ ಅಲ್ಲೇ ಇಳಿಯಿತು. ಎಲ್ಲ ಸೇರಿ 9 ಸಾವಿರದ ಬಿಲ್ಲು 5 ಸಾವಿರದ ಹತ್ತಿರ ಬರುತ್ತದೆ. ಒಂದೇ ಎಚ್ಚರಿಕೆ, ಹೀಟ್ ಪಂಪ್ ಬೇಕೋ ಬೇಡವೋ ಅಂತ ತೀರ್ಮಾನ ಆಗುವವರೆಗೆ ಆ ಅರ್ಜಿ ತಡೆದಿಡಿ. ಕವರ್ ಹಾಸಿ ಒಂದು ಜನವರಿ ಕಳೆಯಲಿ. ಒಂದು ತೇಲುವ ಥರ್ಮಾಮೀಟರ್ ತಂದು ಸಂಜೆ 4ಕ್ಕೆ ಎಷ್ಟು ಡಿಗ್ರಿ ಅಂತ ದಿನಾ ಕ್ಯಾಲೆಂಡರಿನ ಮೇಲೆ ಬರೆದಿಡಿ. ಅಮ್ಮ ನೀರಿಗಿಳಿದು ಮೇಲೆ ಬಂದಾಗ ಹೇಗಿತ್ತು ಅಂದರು ಅನ್ನೋದನ್ನೂ ಪಕ್ಕದಲ್ಲೇ ಬರೆಯಿರಿ. ಹೀಟ್ ಪಂಪಿನ ಮಾತನ್ನು ಆ ಕ್ಯಾಲೆಂಡರ್ ನೋಡಿಕೊಂಡು ಆಡೋಣ.